ಕಚೇರಿ ವೇಳೆಯ ಆಮ್ಲಜನಕ

ವರದಿ ಬಂದಿದೆ. ಅದನ್ನು ನಂಬುವುದಾದರೆ ನಮ್ಮ ಬಡಾವಣೆಯ ಕೆರೆಯ ಮೀನುಗಳಿಗೆ ಸಾಯಲು ಯಾವ ಕಾರಣವೂ ಇರಲಿಲ್ಲ. ಮೀನು ಬದುಕಲು ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಡಿ’ ವರ್ಗದ ಮಾನದಂಡ. ನಮ್ಮ ಕೆರೆಯಲ್ಲಿ ಅದರ ಎರಡು ಪಟ್ಟಿಗೂ ಮೇಲಿತ್ತು. ಇಷ್ಟು ಸವಲತ್ತು ಕೊಟ್ಟ ಮೇಲೂ ಸತ್ತಿವೆ ಎಂದರೆ, ಸಾಯಲೇಬೇಕೆಂದು ಹಟ ಹಿಡಿದವರನ್ನು ಯಾವ ಇಲಾಖೆ ತಾನೇ ಉಳಿಸೀತು?

ವರದಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅಕ್ಷರಶಃ ನಿಜ, ತೊಂದರೆ ಇರುವುದೇ ಅಲ್ಲಿ. ಮಾದರಿ ತೆಗೆದ ಹುಡುಗ ಪ್ರಾಮಾಣಿಕ, ಮೀಟರು ಪ್ರಾಮಾಣಿಕ, ಅಂದು ಬಿಸಿಲು ಕೂಡ ಪ್ರಾಮಾಣಿಕವಾಗಿಯೇ ಕಾಯುತ್ತಿತ್ತು.

ನಡೆದದ್ದು ಹೀಗೆ. ಎರಡು ದಿನ ಮೋಡ ಮುಚ್ಚಿಕೊಂಡಿತ್ತು. ಮೂರನೆಯ ದಿನ ಬೆಳಿಗ್ಗೆ ವಾಕಿಂಗಿಗೆ ಹೋದವರಿಗೆ ಕೆರೆಯ ಪೂರ್ವದ ಮೂಲೆಯಲ್ಲಿ ಬೆಳ್ಳಗೆ ಏನೋ ಹಾಸಿದಂತೆ ಕಂಡಿತು. ಹತ್ತಿರ ಹೋದರೆ ಮೀನು. ಹೊಟ್ಟೆ ಮೇಲೆ ಮಾಡಿ, ಬಾಯಿ ಅಗಲ ತೆರೆದು, ಕಿವಿರು ಬಿಚ್ಚಿಕೊಂಡು ಮಲಗಿದ್ದವು. ಏಳು ಗಂಟೆಗೆ ವಿಡಿಯೊ ಹರಿದಾಡಿತು. ಒಂಬತ್ತಕ್ಕೆ ಟ್ರ್ಯಾಕ್ಟರ್ ಬಂತು. ಹತ್ತೂವರೆಗೆ ಮೀನು ಸಾಗಿಸಿ, ದಡಕ್ಕೆ ಬ್ಲೀಚಿಂಗ್ ಪುಡಿ ಎರಚಿ, ಸಾವು ಸಂಭವಿಸಿಯೇ ಇಲ್ಲವೇನೋ ಎಂಬಷ್ಟು ಚೊಕ್ಕಟ ಮಾಡಿದರು. ಹನ್ನೊಂದೂವರೆಗೆ, ತಿಂಡಿ ಕಾಫಿ ಮುಗಿಸಿಕೊಂಡು, ಮಾದರಿ ತೆಗೆಯುವವರು ಬಂದರು. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಚುರುಗುಟ್ಟತೊಡಗಿತ್ತು. ಕೆರೆ ಹೆಸರುಬೇಳೆ ಪಾಯಸದ ಬಣ್ಣ ತೊರೆದು ಅಪ್ಪಟ ಗಿಳಿಹಸಿರಾಗಿ ಹೊಳೆಯುತ್ತಿತ್ತು. ಮೀಟರನ್ನು ಅದ್ದಿದರು. ಅಂಕಿ ಸರ್ರನೆ ಏರಿತು. ಹುಡುಗನ ಮುಖ ಅರಳಿತು.

ಪಾಚಿಯ ಸ್ವಭಾವ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅದು ಚೀಟಿ ನಡೆಸುವವನ ಜಾತಿಯದು. ಹಗಲು ಹೊತ್ತು ಅಂಗಡಿ ತೆರೆದು ಕೂತಿರುತ್ತದೆ. ಬಿಸಿಲು ಇರುವಷ್ಟು ಹೊತ್ತೂ ಬೆಳಕು ತಿಂದು ಆಮ್ಲಜನಕ ಉಗುಳುತ್ತದೆ, ಕೈಬಿಚ್ಚಿ ಹಂಚುತ್ತದೆ. ಮಧ್ಯಾಹ್ನ ಎರಡು ಮೂರು ಗಂಟೆಗೆ ನೀರು ಹಿಡಿದಿಟ್ಟುಕೊಳ್ಳಲಾರದಷ್ಟು ಆಮ್ಲಜನಕ ತುಂಬಿ, ಹೆಚ್ಚಾದದ್ದು ಗುಳ್ಳೆಯಾಗಿ ಗಾಳಿಗೆ ಹೋಗುತ್ತದೆ. ನೋಡಿದವರು ಎಂಥ ಸಂಭಾವಿತ ಎನ್ನಬೇಕು. ಸೂರ್ಯ ಮುಳುಗಿದ ಮೇಲೆ ವಸೂಲಿ ಶುರು. ಕತ್ತಲಲ್ಲಿ ಪಾಚಿಗೆ ಆಮ್ಲಜನಕ ತಯಾರಿಸಲು ಬರುವುದಿಲ್ಲ, ಉಸಿರಾಡಲು ಮಾತ್ರ ಬರುತ್ತದೆ. ಕೋಟಿಗಟ್ಟಲೆ ಕಣಗಳು ಸೇರಿಕೊಂಡು ಇಡೀ ರಾತ್ರಿ ಎಳೆದುಕೊಳ್ಳುತ್ತವೆ. ಹಗಲು ಗಾಳಿಗೆ ಹಾರಿಹೋದದ್ದಂತೂ ವಾಪಸು ಬರುವುದಿಲ್ಲ. ಬೆಳಗಿನ ಜಾವ ನಾಲ್ಕು, ಐದು, ಸೂರ್ಯ ಹುಟ್ಟುವ ಮುಂಚಿನ ಆ ಹೊತ್ತಿಗೆ ಗಲ್ಲಾಪೆಟ್ಟಿಗೆ ಖಾಲಿ. ಹಿಂದಿನ ದಿನ ಮೋಡವಿದ್ದು ಜಮೆಯೇ ಆಗಿಲ್ಲದಿದ್ದರೆ ಇನ್ನೂ ಬೇಗ ಖಾಲಿ. ಚೀಟಿಯವನು ಬೀಗ ಹಾಕಿಕೊಂಡು ಹೋದ ಮೇಲೆ ಬಾಗಿಲ ಮುಂದೆ ಬಾಯಿ ಬಾಯಿ ಬಡಿದುಕೊಳ್ಳುವ ಗ್ರಾಹಕರಂತೆ ಮೀನುಗಳು ಮೇಲಕ್ಕೆ ಬರುತ್ತವೆ. ಬೆಳಗಾಗುತ್ತಲೇ ಅಂಗಡಿ ಮತ್ತೆ ತೆರೆಯುತ್ತದೆ, ಅದೇ ನಗುಮುಖ. ತನಿಖೆಯವರು ಬರುವುದು ಆಗ.

ಹೀಗಾಗಿ ನಮ್ಮ ಕೆರೆಯಲ್ಲಿ ಕಚೇರಿ ವೇಳೆಯಲ್ಲಿ ಒಂದು ಮೀನೂ ಉಸಿರುಗಟ್ಟಿ ಸತ್ತ ದಾಖಲೆಯಿಲ್ಲ.

ಮೀನಿನ ಪಾಡು ಮೊದಲೇ ಕಷ್ಟದ್ದು. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕವಿದೆ. ಒಂದು ಲೀಟರ್ ಒಳ್ಳೆಯ ನೀರಿನಲ್ಲಿ, ನಮ್ಮ ಊರಿನ ಹವೆಯಲ್ಲಿ, ತುಂಬಿದರೂ ಏಳೆಂಟು ಮಿಲಿಗ್ರಾಂ. ನೀರು ಬಿಸಿಯಾದಷ್ಟೂ ಅದೂ ಇಳಿಯುತ್ತದೆ. ಬಡವರ ಮನೆಯ ಹಾಲಿನಂತೆ ಅಳೆದು ಬಳಸಬೇಕಾದ ವಸ್ತು. ಕೋವಿಡ್ ಕಾಲದಲ್ಲಿ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ತೊಂಬತ್ತೈದು ತೊಂಬತ್ನಾಲ್ಕಾದರೆ ಇಡೀ ಬೀದಿಗೆ ಫೋನು ಮಾಡಿದವರು ನಾವು. ಮೀನಿಗೆ ಬೆರಳಿಲ್ಲ.

ನಮ್ಮ ಕೆರೆಯಲ್ಲಿ ಮೀನಿನ ಗುತ್ತಿಗೆ ಹಿಡಿದವರೊಬ್ಬರಿದ್ದಾರೆ. ಹರಿಗೋಲಿನಲ್ಲಿ ಓಡಾಡುವ ಅರವತ್ತರ ಯಜಮಾನರು. ಅವರ ಬಳಿ ಮೀಟರಿಲ್ಲ. ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಕೈಯನ್ನು ನೀರಿಗೆ ಇಳಿಬಿಟ್ಟು ನೋಡುತ್ತಾರೆ. ಅಂಗೈ ಮಸುಕಾಗಿ ಕಂಡರೆ ಸರಿ, ಮೀನಿಗೆ ಮೇವಾಗುವಷ್ಟು ಪಾಚಿ ಇದೆ ಎಂದರ್ಥ. ಮಣಿಕಟ್ಟೇ ಕಾಣದಂತಾದರೆ ಅಪಾಯ. ಆ ವಾರ ಅವರಿಗೆ ಗೇಣು ಆಳದಲ್ಲೇ ಬೆರಳು ಕಾಣುತ್ತಿರಲಿಲ್ಲವಂತೆ. “ಹೇಳಿದ್ನಲ್ಲ ಸಾರ್, ಗಂಜಿ ಆಗೈತೆ ನೀರು ಅಂತ. ಯಾರ್ ಕೇಳ್ತಾರೆ? ಕೈ ಅದ್ದಿ ನೋಡ್ದೆ ಅಂದ್ರೆ ನಗ್ತಾರೆ. ಪೇಪರ್ನಲ್ಲಿ ಬರ್ಕೊಡಿ ಅಂತಾರೆ.”

ಇನ್ನೊಂದು ಮಾತು ಹೇಳಿದರು, ಅದನ್ನು ಕೇಳಿ ನನಗೆ ಪ್ರಕೃತಿಯ ಮೇಲೆ ಹೊಸ ಗೌರವ ಬಂತು. ನೀರಿನಲ್ಲಿ ಉಸಿರು ಕಡಿಮೆಯಾದಾಗ ಮೊದಲು ಸಾಯುವುದು ದೊಡ್ಡ ಮೀನು. ಐದಾರು ಕಿಲೋ ತೂಗುವ ಕಾಟ್ಲಾ ಹೊಟ್ಟೆ ಮೇಲೆ ಮಾಡುವಾಗ ಬೆರಳುದ್ದದ ಮರಿಗಳು ಇನ್ನೂ ದಡದಂಚಿನಲ್ಲಿ ಒದ್ದಾಡಿಕೊಂಡು ಉಳಿದಿರುತ್ತವೆ. ಈ ನಾಡಿನಲ್ಲಿ ಎಂಥೆಂಥ ದಾಳಿಗಳು ನಡೆದವು, ಎಷ್ಟು ಕಡೆ ಬೆಳ್ಳಂಬೆಳಗ್ಗೆ ಕದ ತಟ್ಟಿದರು, ಕೊನೆಗೆ ಬಲೆಗೆ ಬಿದ್ದದ್ದೆಲ್ಲ ಗುಮಾಸ್ತರು, ಸರ್ವೇಯರುಗಳು. ದೊಡ್ಡ ಮೀನುಗಳನ್ನು ಮೊದಲು ಹಿಡಿಯುವ ತನಿಖಾ ಸಂಸ್ಥೆ ಕರ್ನಾಟಕದಲ್ಲಿ ಪಾಚಿ ಒಂದೇ.

ಆದರೆ ಪಾಚಿಯ ಕೈಗೂ ಸಿಗದ ಒಂದು ವರ್ಗವಿದೆ. ಆಫ್ರಿಕನ್ ಕ್ಯಾಟ್‌ಫಿಶ್ ನೋಡಿ. ಅದನ್ನು ಸಾಕಬಾರದೆಂದು ಸರ್ಕಾರ 2000ದಲ್ಲೇ ನಿಷೇಧಿಸಿದೆ. ಅದಕ್ಕೆ ಕಿವಿರಿನ ಜೊತೆಗೆ ಗಾಳಿ ಕುಡಿಯುವ ಪ್ರತ್ಯೇಕ ಏರ್ಪಾಡು ಇದೆ. ನೀರಿನಲ್ಲಿ ಆಮ್ಲಜನಕ ಸೊನ್ನೆಯಾದರೂ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದುಕೊಂಡು, ಸತ್ತವರ ನಡುವೆ ಮೀಸೆ ಆಡಿಸಿಕೊಂಡು ಹೋಗುತ್ತದೆ. ವ್ಯವಸ್ಥೆಯ ಒಳಗೆ ವಾಸ, ಉಸಿರಾಟಕ್ಕೆ ಹೊರಗಿನ ಕನೆಕ್ಷನ್, ಮೇಲೆ ನಿಷೇಧದ ಆದೇಶ. ಇಷ್ಟಿದ್ದರೆ ಯಾವ ಕೆರೆಯಲ್ಲೂ ಸೋಲಿಲ್ಲ.

ಈಗ ನಮ್ಮ ವಾಕಿಂಗ್ ಬಳಗದ ವಿಷಯಕ್ಕೆ ಬರಬೇಕು. ಕೆರೆಯ ಗೇಟು ತೆರೆಯುವುದು ಐದಕ್ಕೆ. ಐದೂಕಾಲಿಗೆ ದಡದ ಮಂಟಪದಲ್ಲಿ ಪ್ರಾಣಾಯಾಮದ ತಂಡ ಚಾಪೆ ಹಾಸುತ್ತದೆ. ಮೂಗಿನ ಒಂದು ಹೊಳ್ಳೆ ಮುಚ್ಚಿ ಇನ್ನೊಂದರಲ್ಲಿ ಎಳೆದು, ನಿಧಾನಕ್ಕೆ ಬಿಟ್ಟು, ಬೆಳಗಿನ ಶುದ್ಧ ಆಮ್ಲಜನಕ ಸೇವಿಸುತ್ತಾರೆ. ಅವರಿಂದ ಹತ್ತು ಅಡಿ ಕೆಳಗೆ, ಕಲ್ಲು ಕಟ್ಟಡದ ಅಂಚಿಗೆ ಒತ್ತಿಕೊಂಡು, ಮೀನುಗಳೂ ಪ್ರಾಣಾಯಾಮ ಮಾಡುತ್ತಿದ್ದವು. ನೀರಿನ ಮೇಲ್ಪದರದ ಕೂದಲೆಳೆಯಷ್ಟು ತೆಳುವಾದ ಪೊರೆಗೆ ಗಾಳಿಯಿಂದ ಒಂದಿಷ್ಟು ಆಮ್ಲಜನಕ ಇಳಿದಿರುತ್ತದೆ, ಅದನ್ನು ಹೀರಲು ಬಾಯನ್ನಷ್ಟೇ ಮೇಲೆ ಇಟ್ಟಿದ್ದವು. ನೂರಾರು ದುಂಡು ಬಾಯಿಗಳು. ಕಿವಿಗೊಟ್ಟರೆ ಪುಚ್ ಪುಚ್ ಎಂದು, ಎಳೆ ಮಗು ಖಾಲಿ ಬಾಟಲಿ ಚೀಪಿದಂಥ ಸದ್ದು.

“ಅಯ್ಯೋ ಪಾಪ, ಎಷ್ಟು ಹಸಿದಿವೆ ನೋಡ್ರಿ” ಎಂದರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು. ಅವರ ಕೈಯಲ್ಲಿ ಬ್ರೆಡ್ಡಿನ ಪ್ಯಾಕೆಟ್ಟು ಸದಾ ಸಿದ್ಧ. ಒಬ್ಬರು ಮಂಡಕ್ಕಿ ತಂದರು. ಇನ್ನೊಬ್ಬರು ಮನೆಯಲ್ಲಿ ಉಳಿದ ಚಿತ್ರಾನ್ನ. ಉಸಿರುಗಟ್ಟಿದವನ ಬಾಯಿಗೆ ಅನ್ನ ತುರುಕುವ ಈ ಕಾರ್ಯ ತಿಂಗಳುಗಟ್ಟಲೆ ನಡೆದಿದೆ. ಮೀನು ತಿನ್ನದೆ ಬಿಟ್ಟ ಬ್ರೆಡ್ಡು ತಳಕ್ಕೆ ಹೋಗಿ ಕೊಳೆತು, ಕೊಳೆಯುವಾಗ ಉಳಿದಷ್ಟು ಆಮ್ಲಜನಕವನ್ನೂ ತಿಂದುಹಾಕಿತು. ಪುಣ್ಯದ ಖಾತೆಗೆ ಜಮೆಯಾದದ್ದು ಎಷ್ಟೋ, ಕೆರೆಯ ಖಾತೆಯಲ್ಲಂತೂ ಕಳೆಯಿತು. ಅದರ ಮೇಲೆ ಪೂಜೆಯ ಹೂವು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎಸೆದದ್ದು. ‘ಕೆರೆಗೆ ಹಾರ’ ಎಂದರೆ ಹಿಂದಿನವರಿಗೆ ಕರುಳು ಹಿಂಡುವ ಹಾಡಾಗಿತ್ತು. ನಮಗದು ಚೆಂಡುಹೂವು, ಕಾಲು ಕೆ.ಜಿ.

ಇಷ್ಟು ಪಾಚಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ವರದಿಯಲ್ಲಿ ಒಂದು ಸಾಲಿದೆ: ನೈಸರ್ಗಿಕ ಕಾರಣಗಳು. ಪಾಚಿಯಷ್ಟು ನಿರಪರಾಧಿ ಜೀವಿ ಇನ್ನೊಂದಿಲ್ಲ, ಕೊಟ್ಟದ್ದನ್ನು ಉಂಡು ಬೆಳೆಯುತ್ತದೆ. ಕೊಟ್ಟವರಾರು? ಕೆನಡಾದಲ್ಲಿ 1973ರಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಒಂದು ಸರೋವರಕ್ಕೆ ನಟ್ಟನಡುವೆ ಪರದೆ ಕಟ್ಟಿತು. ಎರಡೂ ಬದಿಗೆ ಇಂಗಾಲ, ಸಾರಜನಕ ಹಾಕಿದರು. ಒಂದು ಬದಿಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಅರ್ಧ ಪಾಚಿ ಕಟ್ಟಿ ಹಸಿರಾಯಿತು, ಇನ್ನರ್ಧ ತಿಳಿಯಾಗಿಯೇ ಉಳಿಯಿತು. ಅದರ ವಿಮಾನಚಿತ್ರ ಇವತ್ತಿಗೂ ಪಠ್ಯಪುಸ್ತಕಗಳಲ್ಲಿದೆ. ಅದೇ ಪ್ರಯೋಗವನ್ನು ನಾವು ಬೆಂಗಳೂರಿನ ಹತ್ತಾರು ಕೆರೆಗಳಲ್ಲಿ ವರ್ಷಗಟ್ಟಲೆ ನಡೆಸುತ್ತಾ ಬಂದಿದ್ದೇವೆ. ಪರದೆಯ ಖರ್ಚೊಂದನ್ನು ಉಳಿಸಿದ್ದೇವೆ, ತಿಳಿ ನೀರಿನ ಅರ್ಧವೂ ಉಳಿದಿಲ್ಲ.

ರಂಜಕಕ್ಕೆ ನಾವು ಎಲ್ಲಿಗೂ ಹೋಗಬೇಕಿಲ್ಲ. ನಮ್ಮ ಮಲಮೂತ್ರದಲ್ಲಿದೆ, ಪಾತ್ರೆ ತೊಳೆದ ನೀರಿನಲ್ಲಿದೆ, ಎಷ್ಟೋ ಸೋಪಿನ ಪುಡಿಯಲ್ಲಿದೆ. ರಾಜಕಾಲುವೆ ಎಂದು ಹೆಸರಿಟ್ಟದ್ದು ಮಳೆನೀರಿಗೆ. ರಾಜ ಹೋದ, ಮಳೆಯೂ ವರ್ಷದಲ್ಲಿ ಕೆಲವು ತಿಂಗಳು. ಉಳಿದ ಕಾಲವೆಲ್ಲ ಕಾಲುವೆ ಖಾಲಿ ಇರಬಾರದಲ್ಲ ಎಂದು ಪ್ರಜೆಗಳು ತಮ್ಮದನ್ನು ಬಿಟ್ಟಿದ್ದಾರೆ. ಕೊಳಚೆ ಶುದ್ಧೀಕರಿಸುವ ಘಟಕ ಕಟ್ಟಿದ್ದೇವಲ್ಲ ಎನ್ನಬಹುದು. ಬಹುಪಾಲು ಘಟಕಗಳು ಗಲೀಜು, ವಾಸನೆ ತೆಗೆಯುತ್ತವೆ. ರಂಜಕ, ಸಾರಜನಕ ತೆಗೆಯಲು ಬೇರೆಯೇ ಏರ್ಪಾಡು ಬೇಕು, ಅದಿಲ್ಲದಿದ್ದರೆ ಹೊರಬರುವುದು ಕಣ್ಣಿಗೆ ತಿಳಿ, ಪಾಚಿಗೆ ಹಾರ್ಲಿಕ್ಸ್. ಮೊದಲು ಹೊಲಸು ನೀರು ಕುಡಿದು ಬೆಳೆಯುತ್ತಿದ್ದ ಪಾಚಿ ಈಗ ಶೋಧಿಸಿದ ನೀರು ಕುಡಿದು ಬೆಳೆಯುತ್ತದೆ. ಇದನ್ನು ಪ್ರಗತಿ ಎನ್ನದೆ ಏನೆನ್ನಬೇಕು?

ಪಾಚಿಯನ್ನು ಹೋದ ವರ್ಷ ಒಮ್ಮೆ ಕೊಂದಿದ್ದರು ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕೆರೆ ಹಸಿರಾಗಿದೆ ಎಂದು ದೂರು ಹೋಗಿತ್ತು. ಗುತ್ತಿಗೆದಾರರೊಬ್ಬರು ದೋಣಿಯಲ್ಲಿ ಬಂದು ಒಂದೇ ದಿನ ಇಡೀ ಕೆರೆಗೆ ಮೈಲುತುತ್ತ ಹೊಡೆದರು. ಎರಡು ದಿನದಲ್ಲಿ ಪಾಚಿಯೆಲ್ಲ ಕಂದಾಗಿ ಸತ್ತು ತಳ ಸೇರಿತು. ಸತ್ತ ಪಾಚಿಯ ತಿಥಿಯೂಟಕ್ಕೆ ಬ್ಯಾಕ್ಟೀರಿಯಾಗಳು ಬಂದವು. ಕರೆಯದಿದ್ದರೂ ಬರುವ ನೆಂಟರು ಅವು. ಪಂಕ್ತಿಯ ಮೇಲೆ ಪಂಕ್ತಿ ಕೂತು ಉಂಡವು, ಉಣ್ಣುವಾಗ ನೀರಿನ ಆಮ್ಲಜನಕವನ್ನೆಲ್ಲ ಖರ್ಚು ಮಾಡಿದವು. ಆ ಸಲ ಬೆಳಗಿನ ಜಾವಕ್ಕೆ ಕಾಯಲೇ ಇಲ್ಲ, ಮೀನುಗಳು ಸಂಜೆಗೇ ತೇಲಿದವು. ಪಾಚಿ ಹೋಯಿತು, ಬಿಲ್ಲು ಪಾಸಾಯಿತು, ಮೀನು ಸತ್ತಿತು. ಮೊದಲೆರಡು ಟೆಂಡರ್ ಷರತ್ತಿನಲ್ಲಿದ್ದವು.

ಕಾರಂಜಿಯದು ಬೇರೆಯೇ ಕಥೆ. ಕೆರೆ ಅಭಿವೃದ್ಧಿಯಲ್ಲಿ ನಮಗೆ ಸಿಕ್ಕ ಆಸ್ತಿಗಳಲ್ಲಿ ಅದು ಮುಖ್ಯವಾದದ್ದು. ನೀರನ್ನು ಮೇಲಕ್ಕೆ ಚಿಮ್ಮಿಸಿ ಹನಿಹನಿಯಾಗಿ ಬೀಳಿಸಿದರೆ ಗಾಳಿಯ ಆಮ್ಲಜನಕ ನೀರಿಗೆ ಸೇರುತ್ತದೆ, ಮೀನು ಸಾಕುವವರು ಕೊಳದಲ್ಲಿ ಏರೇಟರ್ ತಿರುಗಿಸುವುದು ಇದೇ ಕಾರಣಕ್ಕೆ. ನಮ್ಮ ಕಾರಂಜಿ ತಿರುಗುವುದು ಸಂಜೆ ಆರರಿಂದ ಎಂಟರವರೆಗೆ, ಬಣ್ಣದ ದೀಪ ಹಾಕಿಕೊಂಡು. ಆ ಹೊತ್ತಿಗೆ ಹಗಲಿಡೀ ಪಾಚಿ ತುಂಬಿಸಿದ ಆಮ್ಲಜನಕ ನೀರಿನಲ್ಲಿ ಭರ್ತಿ ಇರುತ್ತದೆ. ತುಂಬಿ ತುಳುಕುವ ನೀರನ್ನು ಚಿಮ್ಮಿಸಿದರೆ ಇರುವುದೂ ಗಾಳಿಗೆ ಹೋದೀತು. ಬೇಕಾದದ್ದು ರಾತ್ರಿ ಎರಡರಿಂದ ಬೆಳಿಗ್ಗೆ ಆರರವರೆಗೆ. ಇದನ್ನು ವಿವರಿಸಿದಾಗ ಅಧಿಕಾರಿಗಳು ತಾಳ್ಮೆಯಿಂದ ಕೇಳಿದರು. ಬಳಿಕ, “ಆದರೆ ಸಾರ್, ಆ ಹೊತ್ನಲ್ಲಿ ನೋಡೋರ್ಯಾರು?” ಎಂದರು.

ನಮ್ಮ ಕೆರೆಯೊಂದಕ್ಕೇ ಈ ಭಾಗ್ಯ ಎಂದುಕೊಳ್ಳಬೇಡಿ. 1995ರ ಜೂನ್‌ನಲ್ಲಿ ಸ್ಯಾಂಕಿ ಕೆರೆಯಲ್ಲಿ ಮೀನುಗಳು ಸಾಮೂಹಿಕವಾಗಿ ಸತ್ತಾಗ, ಅಧ್ಯಯನ ಮಾಡಿದವರು ಕೊಳಚೆ ಸೇರಿ ಆಮ್ಲಜನಕ ದಿಢೀರನೆ ಕುಸಿದದ್ದನ್ನು ಬರೆದಿಟ್ಟರು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದಾಗಲೂ ಕೊಳಚೆ, ಆಮ್ಲಜನಕ ಎಂಬ ಅವೇ ಎರಡು ಪದಗಳು ಪತ್ರಿಕೆಗಳಲ್ಲಿ ಬಂದವು. ಇಪ್ಪತ್ತೊಂದು ವರ್ಷದ ಅಂತರ. ಬೆಳ್ಳಂದೂರಿನವರು ಇನ್ನೂ ಮುಂದೆ ಹೋದರು. 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಅಲ್ಲಿನ ಕೆರೆಯ ಅಂಗಳಕ್ಕೆ ಬೆಂಕಿಯೇ ಬಿತ್ತು. ಮೀನಿಗೆ ಸಿಗದ ಆಮ್ಲಜನಕ ಬೆಂಕಿಗೆ ಹೇಗೋ ಹೊಂದಿಕೆಯಾಯಿತು.

ವರದಿ ಓದಿ ನಾನೊಂದು ಅರ್ಜಿ ಬರೆದೆ: ದಯಮಾಡಿ ಬೆಳಗಿನ ಜಾವ ನಾಲ್ಕೂವರೆಗೆ ಒಮ್ಮೆ ಮಾದರಿ ತೆಗೆಯಿರಿ. ಉತ್ತರ ಬಂತು, ಬಂದದ್ದೇ ದೊಡ್ಡದು. ಕೆರೆಯ ಗೇಟು ಐದಕ್ಕೆ ತೆರೆಯುವುದರಿಂದ ನಾಲ್ಕೂವರೆಗೆ ಆವರಣ ಪ್ರವೇಶಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ ಎಂದಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರಿದ್ದಾರೆ. ಕಾಗದ ತೋರಿಸಿದೆ. ಓದಿ, ಕನ್ನಡಕ ತೆಗೆದು, “ಹಿಂದುಗಡೆ ಕಾಂಪೌಂಡು ಬಿದ್ದುಹೋಗಿದೆಯಲ್ರೀ” ಎಂದರು. ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿದರು. ವಿಂಕ್ಲರ್ ಎಂಬ ಹಂಗೇರಿಯ ರಸಾಯನಶಾಸ್ತ್ರಜ್ಞ 1888ರಲ್ಲಿ ಕಂಡುಹಿಡಿದ ಪರೀಕ್ಷೆ. ಗಾಳಿ ಹೊಗದಂತೆ ಬಾಟಲಿಯಲ್ಲಿ ನೀರು ತುಂಬಿ, ಎರಡು ದ್ರಾವಣಗಳನ್ನು ಪಿಪೆಟ್ಟಿನಲ್ಲಿ ಬಾಟಲಿಯೊಳಕ್ಕೆ ಇಳಿಸುವುದು. ಅದನ್ನು ದಡದಲ್ಲಿ ನಿಂತೇ ಮಾಡಬೇಕು, ನೀರನ್ನು ಸ್ಕೂಟರಿನಲ್ಲಿ ಹೊತ್ತೊಯ್ದರೆ ಬಾಟಲಿಯೊಳಗಿನ ಪಾಚಿ ದಾರಿಯಲ್ಲೂ ತನ್ನ ವ್ಯವಹಾರ ಬಿಡುವುದಿಲ್ಲ. “ಕಂದು ಬಣ್ಣದ ಗಸಿ ಕಟ್ಟಿದರೆ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಇಲ್ಲ. ಲೆಕ್ಕ ಆಮೇಲೆ, ಬಣ್ಣ ಮೊದಲು” ಎಂದರು ಮೇಷ್ಟ್ರು.

ನಾಲ್ಕೂಕಾಲಿಗೆ ಮೂವರೂ, ಅವರು, ನಾನು, ಹರಿಗೋಲಿನ ಯಜಮಾನರು, ಬಿದ್ದ ಗೋಡೆ ದಾಟಿದೆವು. ಕಳ್ಳತನಕ್ಕೆ ಹೋದವರಂತೆ ಟಾರ್ಚನ್ನು ಕೈಯಿಂದ ಮರೆಮಾಡಿಕೊಂಡಿದ್ದೆವು. ಬೆಳಕು ಬಿಟ್ಟ ಕಡೆಯೆಲ್ಲ ಬಾಯಿಗಳು. ಬೆಳಕಿಗೆ ಹೆದರಿ ಮುಳುಗುವಷ್ಟೂ ತ್ರಾಣವಿಲ್ಲದೆ ಅಲ್ಲೇ ತೇಲುತ್ತಾ ತೆರೆದು ಮುಚ್ಚುತ್ತಿದ್ದವು. ನಾನು ಮೆಟ್ಟಿಲಿನಿಂದ ಜಾರಿ ಮಂಡಿಯವರೆಗೆ ಹಸಿರಿನಲ್ಲಿ ಹೂತುಹೋದೆ, ಯಾರೂ ನಗಲಿಲ್ಲ. ಮೇಷ್ಟ್ರು ಬಾಟಲಿ ತುಂಬಿ, ದ್ರಾವಣ ಬಿಟ್ಟು, ಮುಚ್ಚಳ ಒತ್ತಿ, ನಾಲ್ಕೈದು ಸಲ ತಲೆಕೆಳಗು ಮಾಡಿ ಟಾರ್ಚಿಗೆ ಹಿಡಿದರು. ಮೋಡ ಒಡೆದಂತೆ ಗಸಿ ಇಳಿಯತೊಡಗಿತು. ಬೆಳ್ಳಗೆ. ಇನ್ನೂ ಸ್ವಲ್ಪ ಹೊತ್ತು ಕಾದೆವು. ಬೆಳ್ಳಗೇ ಇತ್ತು.

“ಇದ್ನ ಅವ್ರಿಗೆ ತೋರ್ಸಣ ಮೇಷ್ಟ್ರೇ” ಎಂದರು ಯಜಮಾನರು.

“ಹನ್ನೊಂದೂವರೆಗೆ ಅವರು ಇದೇ ಜಾಗದಲ್ಲಿ ತೆಗೆದರೆ ಕಂದು ಬರುತ್ತಪ್ಪ. ಅದೂ ನಿಜವೇ” ಎಂದರು ಮೇಷ್ಟ್ರು. ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡರು. ಮುಂಬಾಗಿಲಿನ ಕಡೆ ಗೇಟಿನ ಸರಪಳಿ ಸದ್ದಾಯಿತು. ಮಂಟಪದ ದೀಪ ಹತ್ತಿತು, ಚಾಪೆಗಳು ಬಿಚ್ಚಿಕೊಂಡವು.

ಮನೆಗೆ ಬಂದಾಗ ಇವಳು ಬಾಗಿಲಲ್ಲೇ ನಿಲ್ಲಿಸಿದಳು. “ಎಲ್ಲಿ ಹೋಗಿ ಬಿದ್ದುಬಂದ್ರಿ? ಪ್ಯಾಂಟೆಲ್ಲ ಹಸಿರು ಹಸಿರು. ಅಲ್ಲೇ ಬಿಚ್ಚಿ, ಒಳಗೆ ಬರ್ಬೇಡಿ.” ಬಿಚ್ಚಿ ಕೊಟ್ಟೆ. ಮೂಸಿ ನೋಡಿ ಮುಖ ಕಿವುಚಿದಳು. “ಇದು ಸುಮ್ಸುಮ್ನೆ ಹೋಗೋ ಕಲೆ ಅಲ್ಲ” ಎಂದು ಮಿಷನ್ನಿಗೆ ಹಾಕಿ, ಸೋಪಿನ ಪುಡಿ ಒಂದು ಅಳತೆ ಹಾಕುವಲ್ಲಿ ಎರಡು ಹಾಕಿದಳು.